ಲಯನ್ ರ‍್ಯಾಂಪಂಟ್ ಆಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ, ಟೇಪು ಹಿಡಿದು ಅಳೆದು, ದಾಳ ಉರುಳಿಸಿ ಆಡುವ ಯುದ್ಧದಾಟಗಳು ಹತ್ತಾರಿವೆ. ಅದರಲ್ಲಿ ನೈಟ್‌ಗಳು (ಭಾರಿ ಕವಚ ತೊಟ್ಟ ಯುರೋಪಿನ ಕುದುರೆ ಸವಾರರು), ಬಿಲ್ಲುಗಾರರು ಇರುವ ಮಧ್ಯಯುಗದ ಆಟವೇ ಬೇಕು, ಆದರೆ ನಿಯಮ ಕಲಿಯಲು ವಾರಗಟ್ಟಲೆ ಕೂರಲು ಆಗಲ್ಲ ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವ ಹೆಸರು ಲಯನ್ ರ‍್ಯಾಂಪಂಟ್. ಇಲ್ಲಿ ಕೊಟ್ಟಿರುವ ಅಂಕಿಗಳು 2014ರ ಮೊದಲ ಆವೃತ್ತಿಯವು.

ಇದು ಯಾವ ಆಟ? ಯಾರು ಮಾಡಿದ್ದು?

ಡೇನಿಯಲ್ ಮರ್ಸಿ ಬರೆದ ನಿಯಮಪುಸ್ತಕ. ಇಂಗ್ಲೆಂಡಿನ ಆಸ್ಪ್ರೇ ಸಂಸ್ಥೆ 2014ರಲ್ಲಿ ಪ್ರಕಟಿಸಿತು. ಬರೀ 64 ಪುಟ, ಅದರಲ್ಲೂ ಚಿತ್ರಗಳು ಸಾಕಷ್ಟಿವೆ. 2022ರಲ್ಲಿ ಎರಡನೇ ಆವೃತ್ತಿ ಬಂತು. ಇಬ್ಬರು ಆಡುವ ಆಟ. ಒಬ್ಬೊಬ್ಬರ ಕೈಯಲ್ಲೂ ಒಂದು ಸಣ್ಣ ಪಡೆ, ಅಂದರೆ ನಲವತ್ತರಿಂದ ಅರವತ್ತು ಸೈನಿಕರು. ಪಡೆಯಲ್ಲಿ ಐದಾರು ತುಕಡಿಗಳು, ಅವುಗಳಲ್ಲಿ ಒಂದರ ಜೊತೆ ನಾಯಕ. ದೊಡ್ಡ ರಾಜರ ಮಹಾಯುದ್ಧಕ್ಕಿಂತ ಪಕ್ಕದ ಪಾಳೆಯಗಾರನ ಹಳ್ಳಿ ಸುಡುವುದು, ಸಾಮಾನಿನ ಗಾಡಿ ಹೊಡೆದುಕೊಂಡು ಹೋಗುವುದು, ಸೇತುವೆ ಹಿಡಿದು ನಿಲ್ಲುವುದು, ಇಂಥ ಕಾದಾಟಗಳಿಗೆ ಇದು ಹೇಳಿಮಾಡಿಸಿದ್ದು.

ಚದುರಂಗ ಗೊತ್ತು, ಹುಲಿ-ಕುರಿ ಗೊತ್ತು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮೊದಲನೆಯದು, ಮನೆಗಳಿಲ್ಲ. ಮೇಜೆಲ್ಲ ಬಯಲು. ಎಷ್ಟು ದೂರ ನಡೆಯಬಹುದು ಅನ್ನುವುದನ್ನು ಇಂಚಿನಲ್ಲಿ ಅಳೆಯುತ್ತೀರಿ. ಕಾಲಾಳು 6 ಇಂಚು, ಭಾರಿ ಕವಚದ ಕುದುರೆ ಸವಾರ 10 ಇಂಚು.

ಎರಡನೆಯದೇ ದೊಡ್ಡದು. ಚದುರಂಗದಲ್ಲಿ ಕುದುರೆಯನ್ನು ನಡೆಸಿದರೆ ಅದು ನಡೆಯುತ್ತದೆ. ಇಲ್ಲಿ ನೀವು ಅಪ್ಪಣೆ ಕೊಡುತ್ತೀರಿ, ಕೇಳುವುದು ಬಿಡುವುದು ಸೈನಿಕರ ಇಷ್ಟ. ಈ ಆಟದ ಜೀವ ಇರುವುದೇ ಅಲ್ಲಿ. ಇದು ಹಿಡಿಸಿದರೆ ಆಟ ಹಿಡಿಸುತ್ತದೆ. ಹಿಡಿಸದಿದ್ದರೆ ಎಷ್ಟು ಚಂದದ ಗೊಂಬೆ ತಂದರೂ ಪ್ರಯೋಜನ ಇಲ್ಲ. ಅದಕ್ಕೇ ದುಡ್ಡು ಖರ್ಚು ಮಾಡುವ ಮೊದಲು ಕಾಗದದ ಚೂರು ಇಟ್ಟು ಒಂದೆರಡು ಆಟ ಆಡಿ ನೋಡಿ ಅನ್ನುವುದು.

ಶುರು ಮಾಡಲು ಏನೇನು ಬೇಕು?

ನಿಯಮಪುಸ್ತಕ, ಆರು ಮುಖದ ಮಾಮೂಲಿ ದಾಳ ಹನ್ನೆರಡು, ಇಂಚು ಗುರುತಿರುವ ಟೇಪು. ದರ್ಜಿ ಟೇಪು ಲೋಹದ ಟೇಪಿಗಿಂತ ಒಳ್ಳೆಯದು, ಮಡಚಿಕೊಳ್ಳುವಾಗ ಗೊಂಬೆ ಬೀಳಿಸುವುದಿಲ್ಲ. ನಾಲ್ಕಡಿಗೆ ನಾಲ್ಕಡಿ ಜಾಗ ಇದ್ದರೆ ಧಾರಾಳ. ಊಟದ ಮೇಜು ಚಿಕ್ಕದಾದರೆ ಅದರ ಮೇಲೊಂದು ಪ್ಲೈವುಡ್ ಹಲಗೆ ಹಾಕಿ. ನೆಲದ ಮೇಲೂ ಆಡಬಹುದು, ಆದರೆ ಬೆನ್ನು ಕೇಳಬೇಕಲ್ಲ.

ಗೊಂಬೆಗಳು ಇಲ್ಲದೆ ಆಡಬಹುದಾ?

ಖಂಡಿತ. ರಟ್ಟನ್ನು ಒಂದಿಂಚಿನ ಚೌಕಗಳಾಗಿ ಕತ್ತರಿಸಿ ಮೇಲೆ ‘ಬಿ’, ‘ಕು’, ‘ಕಾ’ ಎಂದು ಬರೆದುಕೊಳ್ಳಿ: ಬಿಲ್ಲುಗಾರ, ಕುದುರೆ, ಕಾಲಾಳು. ಸತ್ತವರನ್ನು ಒಬ್ಬೊಬ್ಬರಾಗಿ ಎತ್ತಬೇಕು, ಅದಕ್ಕೆ ಒಂದು ಸೈನಿಕನಿಗೆ ಒಂದು ಚೌಕ ಇರಲಿ. ಹುಣಸೆ ಬೀಜ ಒಂದು ಕಡೆಯವರಿಗೆ, ಕಡಲೆ ಇನ್ನೊಂದು ಕಡೆಯವರಿಗೆ ಇಟ್ಟರೂ ನಡೆಯುತ್ತದೆ. ಒಂದೇ ತೊಂದರೆ, ಆಟದ ಮಧ್ಯೆ ಕಡಲೆ ಪಡೆ ತಾನಾಗೇ ಕಮ್ಮಿಯಾಗುತ್ತದೆ.

ಬೆಟ್ಟಕ್ಕೆ ಬೆಡ್‌ಶೀಟಿನ ಕೆಳಗೆ ನಾಲ್ಕು ಪುಸ್ತಕ ಸಾಕು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಕತ್ತರಿಸಿ ಇಟ್ಟರೆ ಬೇಲಿ. ಬೆಳೆದು ನಿಂತ ಗೋಧಿ ಹೊಲಕ್ಕೆ ತೆಂಗಿನ ನಾರಿನ ಕಾಲೊರೆಸುವ ಚಾಪೆಯ ತುಂಡು ಬಹಳ ಚೆನ್ನಾಗಿ ಕಾಣುತ್ತದೆ. ವಿದೇಶದ ಹವ್ಯಾಸಿಗಳೂ ಇದನ್ನೇ ಬಳಸುತ್ತಾರೆ, ನಮಗಂತೂ ಸಂತೆಯಲ್ಲೇ ಸಿಗುತ್ತದೆ.

ಒಂದು ಸರದಿ ಹೇಗೆ ನಡೆಯುತ್ತದೆ?

ನಿಮ್ಮ ಸರದಿ ಬಂತು ಅಂದುಕೊಳ್ಳಿ. ಮೊದಲು, ಹಿಂದಿನ ಪೆಟ್ಟಿನಿಂದ ಕಂಗಾಲಾದ ತುಕಡಿಗಳಿದ್ದರೆ ಅವು ಸುಧಾರಿಸಿಕೊಳ್ಳಲು ನೋಡುತ್ತವೆ. ಆಮೇಲೆ, ಹೇಳದೆಯೇ ನುಗ್ಗುವ ಸ್ವಭಾವದ ತುಕಡಿಗಳು ನುಗ್ಗುತ್ತವೆ. ಅವರ ಬಗ್ಗೆ ಮುಂದೆ ಬರುತ್ತದೆ. ಇದೆಲ್ಲ ಆದ ಮೇಲೆ ನಿಮ್ಮ ಅಪ್ಪಣೆಗಳು.

ಮುಖ್ಯ ಅಪ್ಪಣೆ ಮೂರು ಬಗೆ: ನಡೆ, ಹೊಡೆ, ಬಾಣ ಬಿಡು. ಒಂದು ತುಕಡಿ ಆರಿಸಿ, ಏನು ಮಾಡಬೇಕು ಹೇಳಿ, ಎರಡು ದಾಳ ಉರುಳಿಸಿ ಕೂಡಿಸಿ. ಆ ತುಕಡಿಗೆ ಪುಸ್ತಕದಲ್ಲಿ ಕೊಟ್ಟ ಸಂಖ್ಯೆ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಕೆಲಸ ಆಯಿತು, ಇನ್ನೊಂದು ತುಕಡಿಗೆ ಹೋಗಿ. ಕಮ್ಮಿ ಬಿದ್ದರೆ ಅಲ್ಲಿಗೆ ನಿಮ್ಮ ಸರದಿ ಖತಂ. ಉಳಿದ ತುಕಡಿಗಳು ನೋಡುತ್ತಾ ನಿಂತಿರುತ್ತವೆ. ದಾಳ ಎದುರಾಳಿಯ ಕೈಗೆ.

ಸಂಖ್ಯೆಗಳಲ್ಲೇ ಸೈನಿಕರ ಸ್ವಭಾವ ಗೊತ್ತಾಗುತ್ತದೆ. ಕುದುರೆ ಮೇಲಿನ ನೈಟ್‌ಗಳು (ಪುಸ್ತಕದಲ್ಲಿ ಮೌಂಟೆಡ್ ಮೆನ್-ಅಟ್-ಆರ್ಮ್ಸ್) ಹೊಡೆಯಲು 5 ಬಿದ್ದರೆ ಸಾಕು, ಸುಮ್ಮನೆ ನಡೆಯಲು 7 ಬೇಕು. ಹೊಡಿ ಅಂದರೆ ಹಾರುತ್ತಾರೆ, ಆ ಮರದ ಹತ್ತಿರ ಹೋಗಿ ನಿಲ್ಲಿ ಅಂದರೆ ಮುಖ ತಿರುಗಿಸುತ್ತಾರೆ. ಕಾಲಾಳು ಸಾರ್ಜೆಂಟ್‌ಗಳು, ಅಂದರೆ ಈಟಿ ಹಿಡಿದ ಮಾಮೂಲಿ ಕಾಲಾಳುಗಳು, ಇದಕ್ಕೆ ಉಲ್ಟಾ: ನಡೆಯಲು 5, ಹೊಡೆಯಲು 6. ಬಿಲ್ಲುಗಾರರಿಗೆ ನಡೆಯಲೂ ಬಾಣ ಬಿಡಲೂ 6, ಕೈಕೈ ಮಿಲಾಯಿಸಲು 7.

ಒಂದು ದಾಳ ಕೆಟ್ಟರೆ ಇಡೀ ಸರದಿ ಹೋಗುತ್ತದೆ ಅಂದರೆ ಅನ್ಯಾಯ ಅಲ್ವಾ?

ಅತಿ ಹೆಚ್ಚು ಕೇಳಿಬರುವ ದೂರು ಇದೇ. ಲೆಕ್ಕ ಹಾಕಿ ನೋಡೋಣ. ಎರಡು ದಾಳದಲ್ಲಿ 36 ಬಗೆಯಾಗಿ ಬೀಳಬಹುದು. 5 ಅಥವಾ ಜಾಸ್ತಿ ಬೀಳುವುದು 30 ಬಗೆ, 6 ಅಥವಾ ಜಾಸ್ತಿ 26, 7 ಅಥವಾ ಜಾಸ್ತಿ 21. ಅಂದರೆ ನೂರಕ್ಕೆ ಸುಮಾರು 83, 72, 58. ನಿಮ್ಮ ಐದು ತುಕಡಿಗೂ 6 ಬೇಕು ಅಂದುಕೊಳ್ಳಿ. ಐದೂ ಒಂದೇ ಸರದಿಯಲ್ಲಿ ಮಾತು ಕೇಳುವ ಅವಕಾಶ ನೂರಕ್ಕೆ 20ಕ್ಕಿಂತ ಸ್ವಲ್ಪ ಕಮ್ಮಿ. ಐದು ಸರದಿಗೆ ಒಂದು ಸಲ, ಅಷ್ಟೇ.

ಹೊಸಬರು ಇಲ್ಲೇ ಎಡವುತ್ತಾರೆ. ಎಡಗಡೆಯಿಂದ ಶುರು ಮಾಡಿ ಬಲಗಡೆಗೆ ಒಂದೊಂದೇ ತುಕಡಿ ನಡೆಸುತ್ತಾ ಬರುತ್ತಾರೆ. ಎರಡನೆಯದೋ ಮೂರನೆಯದೋ ಕೈಕೊಡುತ್ತದೆ. ಬಲಗಡೆಯವರು ಆಟ ಮುಗಿಯುವವರೆಗೂ ನಿಂತಲ್ಲೇ ನಿಂತಿರುತ್ತಾರೆ. ಆಗ ಬೈಗುಳ ದಾಳಕ್ಕೆ ಬೀಳುತ್ತದೆ. ತಪ್ಪು ದಾಳದ್ದಲ್ಲ.

ಪ್ರತಿ ಸರದಿಯಲ್ಲೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಸಲ ಒಂದೇ ಒಂದು ಕೆಲಸ ಆಗುವುದಾದರೆ ಯಾವುದಾಗಬೇಕು? ಅದನ್ನು ಮೊದಲು ಹೇಳಿ. ನೈಟ್‌ಗಳು ನಿಮ್ಮ ಬಿಲ್ಲುಗಾರರಿಂದ ಹನ್ನೆರಡು ಇಂಚಿನಲ್ಲಿದ್ದಾರೆಯೇ? ಬಾಣ ಮೊದಲು. ಹಿಂದುಳಿದ ಕಾಲಾಳನ್ನು ಮುಂದೆ ತರುವ ಕೆಲಸ ಸುಲಭ ಅಂತ ಅದರಿಂದ ಶುರು ಮಾಡಬೇಡಿ. ಎರಡು ಕೆಲಸ ಒಂದೇ ತೂಕದವು ಅನಿಸಿದರೆ ಮಾತ್ರ ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

ಇನ್ನೊಂದು ಮಾತು. ಈ ನಿಯಮ ಇರುವುದರಿಂದಲೇ ಆಟ ಚುರುಕಾಗಿ ಸಾಗುತ್ತದೆ. ಎದುರಾಳಿ ಅರ್ಧ ಗಂಟೆ ಯೋಚಿಸುತ್ತಾ ಕೂತಿರುವಾಗ ನೀವು ಮೊಬೈಲ್ ನೋಡಬೇಕಾದ ಪರಿಸ್ಥಿತಿ ಇಲ್ಲಿಲ್ಲ. ಸರದಿ ಯಾವ ಕ್ಷಣದಲ್ಲಾದರೂ ನಿಮಗೆ ಬರಬಹುದು. ಎದುರಾಳಿಯ ಮೊದಲ ಅಪ್ಪಣೆಗೇ 3 ಬಿದ್ದಾಗ ಆಗುವ ಖುಷಿಯನ್ನು ಮರೆಮಾಚುವುದು ಕಷ್ಟ. ಮರೆಮಾಚಬೇಕಾಗಿಯೂ ಇಲ್ಲ.

ಮನೆಯಲ್ಲಿ ಆ ನಿಯಮ ಸಡಿಲ ಮಾಡಿಕೊಂಡರೆ?

ಮಾಡಿಕೊಳ್ಳಬಹುದು. ಕೆಟ್ಟ ದಾಳ ಬಿದ್ದ ತುಕಡಿ ಮಾತ್ರ ಸುಮ್ಮನಿರಲಿ, ಉಳಿದವು ಮುಂದುವರಿಯಲಿ ಎಂದು ಆಡುವವರಿದ್ದಾರೆ. ಚಿಕ್ಕ ಮಕ್ಕಳ ಜೊತೆ ಆಡುವಾಗ ನಾನೂ ಅದನ್ನೇ ಹೇಳುತ್ತೇನೆ. ದೊಡ್ಡವರು ಮಾತ್ರ ಮೊದಲು ಇದ್ದ ಹಾಗೇ ಆಡಿ. ಸಡಿಲ ಮಾಡಿದರೆ ಯಾವುದನ್ನು ಮೊದಲು ಹೇಳಬೇಕು ಅನ್ನುವ ಯೋಚನೆಯೇ ಬೇಕಾಗುವುದಿಲ್ಲ, ಆಟ ಸಪ್ಪೆಯಾಗುತ್ತದೆ.

ಹೊಡೆದಾಟದ ಲೆಕ್ಕ ಹೇಗೆ?

ಇದು ಕೇಳಿದಷ್ಟು ಕಷ್ಟ ಇಲ್ಲ. ತುಕಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿದಿದ್ದರೆ 12 ದಾಳ, ಅರ್ಧ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ 6 ದಾಳ. ಆರು ಜನರ ತುಕಡಿಯಾದರೂ ಅಷ್ಟೇ, ಹನ್ನೆರಡು ಜನರದ್ದಾದರೂ ಅಷ್ಟೇ. ಎಷ್ಟು ದಾಳ ಅಂತ ಪ್ರತಿ ಸಲ ಎಣಿಸುವ ತಲೆನೋವಿಲ್ಲ.

ನೈಟ್‌ಗಳು ಬಿಲ್ಲುಗಾರರ ಮೇಲೆ ನುಗ್ಗಿದರು ಅಂದುಕೊಳ್ಳಿ. ನೈಟ್‌ಗಳಿಗೆ 3 ಅಥವಾ ಜಾಸ್ತಿ ಬಿದ್ದ ಪ್ರತಿ ದಾಳವೂ ಒಂದು ಪೆಟ್ಟು. ಹನ್ನೆರಡರಲ್ಲಿ ಸರಾಸರಿ ಎಂಟು ಪೆಟ್ಟು. ಬಿಲ್ಲುಗಾರರ ಕವಚ 2, ಅಂದರೆ ಎರಡು ಪೆಟ್ಟಿಗೆ ಒಬ್ಬ ಸಾಯುತ್ತಾನೆ. ಎಂಟನ್ನು ಎರಡರಿಂದ ಭಾಗಿಸಿದರೆ ನಾಲ್ಕು ಜನ ಹೋದರು. ಬಿಲ್ಲುಗಾರರೂ ಸುಮ್ಮನಿರುವುದಿಲ್ಲ, ತಿರುಗಿ ಹೊಡೆಯುತ್ತಾರೆ. ಅವರಿಗೆ 5 ಅಥವಾ ಜಾಸ್ತಿ ಬೇಕು, ಸರಾಸರಿ ನಾಲ್ಕು ಪೆಟ್ಟು. ನೈಟ್‌ನ ಕವಚ 4, ಹಾಗಾಗಿ ಸಾಯುವವನು ಒಬ್ಬನೇ. ಜಾಸ್ತಿ ಜನರನ್ನು ಕಳೆದುಕೊಂಡವರು ಹಿಂದೆ ಸರಿಯುತ್ತಾರೆ.

ಬಾಣದ ಲೆಕ್ಕವೂ ಹೀಗೇ. ಬಿಲ್ಲುಗಾರರ ಬಾಣ 18 ಇಂಚು ಹೋಗುತ್ತದೆ, 5 ಅಥವಾ ಜಾಸ್ತಿ ಬಿದ್ದರೆ ತಾಗಿತು. ಆದರೆ 12 ಇಂಚು ದಾಟಿದರೆ ಎದುರಾಳಿಯ ಕವಚ ಒಂದು ಹೆಚ್ಚು ಎಂದು ಲೆಕ್ಕ. ಆಗ ಸರಾಸರಿ ನಾಲ್ಕು ಬಾಣ ತಾಗಿದರೂ ಕವಚ 5 ಆದ ನೈಟ್‌ಗೆ ಏನೂ ಆಗುವುದಿಲ್ಲ. ಅದೇ 12 ಇಂಚಿನ ಒಳಗೆ ಬಂದರೆ ಒಬ್ಬ ಬೀಳುತ್ತಾನೆ. ಆರೇ ಜನರ ತುಕಡಿಯಲ್ಲಿ ಒಬ್ಬ ಬಿದ್ದರೂ ದೊಡ್ಡ ನಷ್ಟ. ಕಾದು ಹೊಡೆಯುವ ಅಭ್ಯಾಸ ಇಲ್ಲಿಂದ ಬರುತ್ತದೆ.

ಸತ್ತವರಿಗಿಂತ ಓಡಿಹೋದವರೇ ಜಾಸ್ತಿ ಆಗುತ್ತಾರಲ್ಲ, ಅದೇನು?

ಹಾಗೇ ಆಗಬೇಕು. ಜನ ಕಳೆದುಕೊಂಡ ತುಕಡಿ ಧೈರ್ಯದ ಪರೀಕ್ಷೆ ಎದುರಿಸಬೇಕು: ಎರಡು ದಾಳ, ಸತ್ತವರ ಲೆಕ್ಕದಲ್ಲಿ ಕಳೆಯುವುದು. ಹತ್ತಿರದಲ್ಲಿ, ಅಂದರೆ 12 ಇಂಚಿನೊಳಗೆ ನಾಯಕನಿದ್ದರೆ ಒಂದು ಕೂಡಿಸುವುದು. ಬೇಕಾದಷ್ಟು ಬರದಿದ್ದರೆ ತುಕಡಿ ಕಂಗಾಲು, ಪುಸ್ತಕದ ಭಾಷೆಯಲ್ಲಿ ಬ್ಯಾಟರ್ಡ್. ಸೊನ್ನೆಗೋ ಅದರ ಕೆಳಕ್ಕೋ ಇಳಿದರೆ ಇಡೀ ತುಕಡಿ ಮೇಜು ಬಿಟ್ಟು ಓಡುತ್ತದೆ.

ಕಂಗಾಲಾದವರು ಮುಂದಿನ ಸರದಿಯ ಶುರುವಿನಲ್ಲಿ ಸುಧಾರಿಸಿಕೊಳ್ಳಲು ನೋಡಬೇಕು. ಆಗದಿದ್ದರೆ ಇನ್ನೊಬ್ಬ ಜಾಗ ಖಾಲಿ ಮಾಡುತ್ತಾನೆ. ಹೀಗೆ ಯಾರೂ ಮುಟ್ಟದೆಯೇ ಒಂದು ತುಕಡಿ ಕರಗಿಹೋಗಬಹುದು. ನಾಯಕನನ್ನು ಎಲ್ಲಿ ನಿಲ್ಲಿಸಬೇಕು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಮಧ್ಯದಲ್ಲಿ, ಆದಷ್ಟು ತುಕಡಿಗಳು ಅವನ 12 ಇಂಚಿನೊಳಗೆ ಇರುವ ಹಾಗೆ.

24 ಅಂಕದ ಪಡೆ ಅಂದರೆ ಏನು? ಹೊಸಬರಿಗೆ ಯಾವುದು ಒಳ್ಳೆಯದು?

ಪ್ರತಿ ತುಕಡಿಗೂ ಒಂದು ಬೆಲೆ. ಕುದುರೆ ನೈಟ್ 6 ಅಂಕ, ಕಾಲಾಳು ಸಾರ್ಜೆಂಟ್ 4, ಬಿಲ್ಲುಗಾರರು 4, ಅಡ್ಡಬಿಲ್ಲಿನವರು 4, ಪೊದೆಯಲ್ಲಿ ಅಡಗಿ ಕಾಡುವ ಬಿಡೋವರ್‌ಗಳು 2. ಕೈಗೆ ಸಿಕ್ಕ ಕುಡುಗೋಲು ಹಿಡಿದು ಬಂದ ಜೀತದವರು 1. ಒಟ್ಟು 24 ಆಗುವ ಹಾಗೆ ಆರಿಸಿಕೊಳ್ಳುತ್ತೀರಿ.

ನನ್ನ ಸಲಹೆ: ಒಂದು ನೈಟ್, ಎರಡು ಸಾರ್ಜೆಂಟ್, ಎರಡು ಬಿಲ್ಲುಗಾರ, ಒಂದು ಬಿಡೋವರ್. 6, 8, 8, 2 ಸೇರಿ 24. ಆರು ತುಕಡಿ, ಅರವತ್ತು ಸೈನಿಕರು. ಎಲ್ಲ ಬಗೆಯೂ ಇರುವುದರಿಂದ ಯಾವುದು ಏನು ಮಾಡುತ್ತದೆ ಅಂತ ಬೇಗ ತಿಳಿಯುತ್ತದೆ. ನಾಲ್ಕು ನೈಟ್ ತುಕಡಿ ತೆಗೆದುಕೊಂಡರೂ 24 ಆಗುತ್ತದೆ. ನೋಡಲು ಬಲು ಜೋರು. ಆದರೆ ಆ ಇಪ್ಪತ್ನಾಲ್ಕು ಜನ ಯಾರ ಮಾತನ್ನೂ ಕೇಳುವುದಿಲ್ಲ.

ಮೊದಲ ಆಟಕ್ಕೆ ಇಷ್ಟೂ ಬೇಡ. ಇಬ್ಬರೂ ಒಂದು ನೈಟ್, ಒಂದು ಸಾರ್ಜೆಂಟ್, ಒಂದು ಬಿಲ್ಲುಗಾರ ತುಕಡಿ ಇಟ್ಟುಕೊಳ್ಳಿ. ತಲಾ 14 ಅಂಕ, ಮೂವತ್ತು ಜನ. ಬಯಲಿನ ಮೇಲೆ ಎದುರುಬದುರು ನಿಂತು ಹೊಡೆದಾಡಿ. ಒಂದು ಗಂಟೆಯೊಳಗೆ ಪುಸ್ತಕ ತೆರೆಯುವ ಅಗತ್ಯ ಬೀಳುವುದು ನಿಂತುಹೋಗುತ್ತದೆ.

ನೈಟ್‌ಗಳು ನಾನು ಹೇಳದೆಯೇ ಶತ್ರುವಿನ ಮೇಲೆ ಓಡುತ್ತಾರೆ! ತಡೆಯುವುದು ಹೇಗೆ?

ತಡೆಯಲಾಗುವುದಿಲ್ಲ. ವೈಲ್ಡ್ ಚಾರ್ಜ್ ಅನ್ನುವ ನಿಯಮ ಅದು. ಕೈಗೆಟಕುವ ದೂರದಲ್ಲಿ ಶತ್ರು ಕಂಡರೆ ಅವರು ನುಗ್ಗಲು ನೋಡಲೇಬೇಕು. ನಿಮಗೆ ಮಾಡಲು ಬರುವುದು ಒಂದೇ, ಅವರ ಹತ್ತು ಇಂಚಿನೊಳಗೆ ಕೆಟ್ಟ ಗುರಿ ಇರದ ಹಾಗೆ ನಿಲ್ಲಿಸುವುದು. ಎದುರಾಳಿಯ ನೈಟ್‌ಗಳಿದ್ದರೆ ಇದನ್ನೇ ತಿರುಗಿಸಿ ಬಳಸಿ. ನಿಮ್ಮ ಈಟಿಯ ಕಾಲಾಳನ್ನು ಈಟಿ ಚಾಚಿ ಒತ್ತೊತ್ತಾಗಿ ನಿಲ್ಲಿಸಿ (ಇದಕ್ಕೆ ಶಿಲ್ಟ್ರನ್ ಅನ್ನುತ್ತಾರೆ) ಅವರ ಮುಂದೆ ಬಿಡಿ. ಅವರು ಬಂದು ಡಿಕ್ಕಿ ಹೊಡೆಯಲಿ.

ಇದು ಕಟ್ಟುಕಥೆ ಅಲ್ಲ. 1346ರಲ್ಲಿ ಕ್ರೆಸಿಯಲ್ಲಿ ಫ್ರಾನ್ಸಿನ ನೈಟ್‌ಗಳು ತಮ್ಮದೇ ಕಡೆಯ ಜಿನೋವಾದ ಅಡ್ಡಬಿಲ್ಲಿನವರನ್ನು ತುಳಿದುಕೊಂಡು ಇಂಗ್ಲಿಷರ ಮೇಲೆ ನುಗ್ಗಿದ್ದರು. 1302ರಲ್ಲಿ ಕೋರ್ಟ್ರೈನಲ್ಲಿ ಫ್ಲಾಂಡರ್ಸ್ ಪಟ್ಟಣದ ಕಾಲಾಳುಗಳು ಹಳ್ಳಕೊಳ್ಳದ ಹಿಂದೆ ನಿಂತು ಕಾದರು, ನೈಟ್‌ಗಳು ಅಲ್ಲಿಗೇ ಬಂದು ಬಿದ್ದರು. ಸತ್ತವರ ಕಾಲಿಂದ ಬಿಚ್ಚಿದ ಬಂಗಾರದ ಹಿಮ್ಮಡಿ ಮುಳ್ಳುಗಳನ್ನು ಆಮೇಲೆ ಊರ ಚರ್ಚಿನಲ್ಲಿ ತೂಗುಹಾಕಿದರು.

ಮೂರು ಇಂಚಿನ ನಿಯಮ ಯಾಕೆ ಎಲ್ಲರಿಗೂ ಮರೆತುಹೋಗುತ್ತದೆ?

ಚಿಕ್ಕದು ಅಂತ. ಹೊಡೆಯಲು ಹೋಗದ ಹೊರತು ಯಾವ ತುಕಡಿಯೂ ಇನ್ನೊಂದರ 3 ಇಂಚಿನೊಳಗೆ ಹೋಗುವಂತಿಲ್ಲ, ಅದು ನಮ್ಮದೇ ತುಕಡಿಯಾದರೂ ಸರಿ. ಅದಕ್ಕೇ ತುಕಡಿಗೆ ತುಕಡಿ ತಾಗಿಸಿ ಸಾಲುಗಟ್ಟಿ ನಿಲ್ಲಲು ಆಗುವುದಿಲ್ಲ, ಇಕ್ಕಟ್ಟಿನ ದಾರಿಯಲ್ಲಿ ಒಂದು ತುಕಡಿ ಕಂಗಾಲಾದರೆ ಹಿಂದಿನವರೆಲ್ಲ ಸಿಕ್ಕಿಕೊಳ್ಳುತ್ತಾರೆ. ಮೂರಿಂಚಿನ ಒಂದು ಕಡ್ಡಿ ಕತ್ತರಿಸಿ ಇಟ್ಟುಕೊಳ್ಳಿ.

ಬೋಸ್ಟ್ ಅಂತ ಏನೋ ಇದೆಯಲ್ಲ?

ಜಂಬ ಕೊಚ್ಚುವುದು. ಆಟ ಶುರುವಾಗುವ ಮೊದಲು ‘ಇವತ್ತು ಇಂಥದ್ದು ಮಾಡಿಯೇ ತೀರುತ್ತೇನೆ’ ಎಂದು ನೀವು ಶಪಥ ಮಾಡಬಹುದು. ಮಾಡಿ ತೋರಿಸಿದರೆ ಕೀರ್ತಿ ಅಂಕ, ಇಲ್ಲದಿದ್ದರೆ ಇದ್ದದ್ದೂ ಹೋಗುತ್ತದೆ. ಗೆಲುವು ನಿಂತಿರುವುದು ಈ ಕೀರ್ತಿಯ ಮೇಲೆ. ಹಾಗಾಗಿ ಮೇಜಿನ ಮೇಲೆ ಪಡೆ ಉಳಿಸಿಕೊಂಡವನು ಗೆಲ್ಲಲೇಬೇಕು ಅಂತಿಲ್ಲ.

ಹೊಸಬರು ಎರಡು ಆಟ ಆದ ಮೇಲೆ ಇದನ್ನು ಸೇರಿಸಿಕೊಳ್ಳಿ. ಒಮ್ಮೆ ಸೇರಿಸಿಕೊಂಡರೆ ಬಿಡಲು ಮನಸ್ಸಾಗುವುದಿಲ್ಲ. ನಾಯಕರ ನಡುವಿನ ದ್ವಂದ್ವಯುದ್ಧಕ್ಕೂ ನಿಯಮ ಇದೆ. ಎದುರಾಳಿ ನಾಯಕನನ್ನು ಸವಾಲಿಗೆ ಕರೆಯಬಹುದು. 1314ರಲ್ಲಿ ಬ್ಯಾನಕ್‌ಬರ್ನ್ ಯುದ್ಧದ ಮೊದಲ ದಿನ ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಒಬ್ಬನೇ ಇದ್ದದ್ದು ಕಂಡು ಹೆನ್ರಿ ಡಿ ಬೊಹನ್ ಎಂಬ ಇಂಗ್ಲಿಷ್ ನೈಟ್ ಈಟಿ ಚಾಚಿ ನುಗ್ಗಿದ. ಬ್ರೂಸ್ ಪಕ್ಕಕ್ಕೆ ಸರಿದು ಒಂದೇ ಕೊಡಲಿ ಏಟಿಗೆ ಅವನ ತಲೆ ಸೀಳಿದ. ಹಾಗೆ ಒಬ್ಬಂಟಿಯಾಗಿ ಅಪಾಯಕ್ಕೆ ಸಿಕ್ಕಿದ್ದಕ್ಕೆ ತನ್ನವರು ಬೈದರೆ, ಒಳ್ಳೆಯ ಕೊಡಲಿ ಮುರಿಯಿತಲ್ಲ ಎಂದು ಬೇಸರ ಮಾಡಿಕೊಂಡನಂತೆ.

ಇದು ಇತಿಹಾಸಕ್ಕೆ ಎಷ್ಟು ಹತ್ತಿರ?

ಸ್ವಭಾವಕ್ಕೆ ಹತ್ತಿರ, ವಿವರಕ್ಕೆ ದೂರ. ಯಾವ ಕತ್ತಿ ಎಷ್ಟು ಉದ್ದ, ಯಾವ ಕವಚ ಯಾವ ವರ್ಷದ್ದು, ಇದ್ಯಾವುದೂ ಈ ನಿಯಮಗಳಿಗೆ ಬೇಕಿಲ್ಲ. 1066ರ ಹೇಸ್ಟಿಂಗ್ಸ್‌ನ ಸವಾರನಿಗೂ 1415ರ ಅಜಿನ್‌ಕೋರ್ಟ್‌ನ ಸವಾರನಿಗೂ ಒಂದೇ ಅಂಕಿಗಳು ಸಿಗಬಹುದು. ಅದು ಸರಿ ಅನಿಸದವರಿಗೆ ಬೇರೆ ಆಟಗಳಿವೆ.

ಅಳತೆ ಮಾತ್ರ ಸರಿಯಾಗಿದೆ ಅನ್ನುವುದು ನನ್ನ ಅಭಿಪ್ರಾಯ. ಆ ಕಾಲದ ಹೊಡೆದಾಟಗಳಲ್ಲಿ ಬಹುಪಾಲು ಸಣ್ಣವೇ. ಇದಕ್ಕೆ ಬಹಳ ಹೊಂದುವ ಒಂದು ನಿಜವಾದ ಪ್ರಸಂಗ ಹೇಳುತ್ತೇನೆ. 1351ರ ಮಾರ್ಚ್ 26ರಂದು, ಈಗ ಫ್ರಾನ್ಸಿಗೆ ಸೇರಿದ ಬ್ರಿಟನಿಯ ಜೋಸ್ಲಾಂ ಮತ್ತು ಪ್ಲೊಎರ್ಮೆಲ್ ಕೋಟೆಗಳ ನಡುವಿನ ಬಯಲಲ್ಲಿ, ಮೊದಲೇ ಮಾತಾಡಿಕೊಂಡು, ಮೂವತ್ತಕ್ಕೆ ಮೂವತ್ತು ಜನ ಹೊಡೆದಾಡಿದರು. ಒಂದು ಕಡೆ ಜಾನ್ ಡಿ ಬೊಮಾನ್ವಾರ್, ಇನ್ನೊಂದು ಕಡೆ ರಾಬರ್ಟ್ ಬೆಂಬರೋ. ಮಧ್ಯದಲ್ಲಿ ಸುಸ್ತಾಗಿ ಎಲ್ಲರೂ ವಿರಾಮ ತೆಗೆದುಕೊಂಡು, ನೀರಡಿಕೆ ತೀರಿಸಿಕೊಂಡು, ಗಾಯ ಕಟ್ಟಿಕೊಂಡು, ಮತ್ತೆ ಶುರು ಮಾಡಿದರು! ಬೆಂಬರೋ ಸತ್ತ, ಬೊಮಾನ್ವಾರ್ ಕಡೆ ಗೆದ್ದಿತು. ಕಾಲಾಳು ಮೆನ್-ಅಟ್-ಆರ್ಮ್ಸ್, ಅಂದರೆ ನೆಲದ ಮೇಲೆ ನಿಂತು ಕಾದುವ ಭಾರಿ ಕವಚದವರ ತುಕಡಿ, ಆರು ಜನರದ್ದು. ಎರಡೂ ಕಡೆ ಐದೈದು ತುಕಡಿ ಇಟ್ಟರೆ ಮೂವತ್ತಕ್ಕೆ ಮೂವತ್ತು ಸರಿಯಾಗುತ್ತದೆ. 24 ಅಂಕ ಮೀರುತ್ತದೆ, ಇಬ್ಬರಿಗೂ ಒಂದೇ ಆದ್ದರಿಂದ ಪರವಾಗಿಲ್ಲ.

ನಮ್ಮ ಕಡೆಯ ಪಡೆ ಇಟ್ಟು ಆಡಬಹುದಾ? ಹೊಯ್ಸಳರು, ವಿಜಯನಗರ?

ಪುಸ್ತಕ ಬರೆದಿರುವುದು ಯುರೋಪನ್ನು ಮನಸ್ಸಿನಲ್ಲಿಟ್ಟು. ಆದರೆ ಅಂಕಿಗಳು ಯಾರಿಗಾದರೂ ಒಗ್ಗುತ್ತವೆ. ಬಿಲ್ಲುಗಾರ ಬಿಲ್ಲುಗಾರನೇ, ಈಟಿ ಹಿಡಿದ ಕಾಲಾಳು ಕಾಲಾಳೇ. ವಿಜಯನಗರದ ಕೊನೆಕೊನೆಯ ಯುದ್ಧಗಳಲ್ಲಿ ಫಿರಂಗಿ ಬಂದಿರುವುದರಿಂದ ನಾನಾದರೆ ಹಿಂದಕ್ಕೆ ಹೋಗುತ್ತೇನೆ. ಸುಮಾರು 1190ರಲ್ಲಿ ಗದಗ ಸೀಮೆಯ ಸೊರಟೂರಿನಲ್ಲಿ ಇಮ್ಮಡಿ ವೀರಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ್ದನ್ನು ಆಡಬಹುದು.

ಅದಕ್ಕಿಂತಲೂ ಈ ಆಟಕ್ಕೆ ಹೊಂದುವುದು ನಮ್ಮ ವೀರಗಲ್ಲುಗಳ ಲೋಕ. ತುರು ಹೊಡೆದುಕೊಂಡು ಹೋದವರನ್ನು ಅಟ್ಟಿ, ದನ ಬಿಡಿಸಿ ಸತ್ತವರ ಕಲ್ಲುಗಳು ಊರೂರಲ್ಲೂ ಇವೆ. ಬೇಗೂರಿನಲ್ಲಿ ಸುಮಾರು 890ರ ಕಲ್ಲೊಂದು ಬೆಂಗಳೂರಿನ ಕಾಳಗವನ್ನೇ ಹೆಸರಿಸುತ್ತದೆ. ಮೇಜಿನ ಮಧ್ಯೆ ಆರು ಹುಣಸೆ ಬೀಜ ಇಡಿ, ಅವೇ ದನಗಳು. ಒಬ್ಬ ತನ್ನ ಅಂಚಿನಿಂದ ಬಂದು ಹೊಡೆದುಕೊಂಡು ಹೋಗಬೇಕು, ಇನ್ನೊಬ್ಬ ತಡೆಯಬೇಕು. ದನ ಹೊಡೆಯುವ ತುಕಡಿ ಅರ್ಧ ವೇಗದಲ್ಲಿ ನಡೆಯಲಿ.

ಆನೆಗಳಿಗೆ ಈ ಮೊದಲ ಪುಸ್ತಕದಲ್ಲಿ ಜಾಗ ಇಲ್ಲ. ಇದೇ ಲೇಖಕ 2015ರಲ್ಲಿ ಮಾಡಿದ ಡ್ರ್ಯಾಗನ್ ರ‍್ಯಾಂಪಂಟ್ ಎಂಬ ಮಾಯಾಲೋಕದ ಆಟದಲ್ಲಿ ಒಂದು ದೊಡ್ಡ ಗೊಂಬೆಯೇ ಇಡೀ ತುಕಡಿಯಾಗಿ ನಿಲ್ಲಬಹುದು, ಆರು ಏಟು ತಿಂದು ಬೀಳುತ್ತದೆ. ಅದನ್ನು ಎರವಲು ತನ್ನಿ. ನೈಟ್‌ನ ಅಂಕಿಗಳನ್ನೇ ಕೊಟ್ಟು ಆನೆಯನ್ನು ಇಳಿಸಿ. ಹೇಳಿದ ಮಾತು ಕೇಳದಿರುವುದರಲ್ಲೂ ಇಬ್ಬರೂ ಸರಿಸಮ.

ಮೊದಲ ಆವೃತ್ತಿ ಕೊಳ್ಳಲೋ, ಎರಡನೆಯದೋ?

ಈಗ ಹೊಸದಾಗಿ ಕೊಳ್ಳುವವರು ಎರಡನೆಯದನ್ನೇ ಕೊಳ್ಳಿ. ದೊಡ್ಡ ಪುಸ್ತಕ, ಗಟ್ಟಿ ರಟ್ಟು, ತುಕಡಿಗಳ ಹೆಸರುಗಳೂ ಬದಲಾಗಿವೆ. ಹಳೆಯದು ಗೆಳೆಯರ ಹತ್ತಿರ ಇದ್ದರೆ ಅದರಿಂದಲೇ ಶುರು ಮಾಡಿ, ಏನೂ ಮೋಸ ಇಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಬೆರೆಸಬೇಡಿ, ಜಗಳಕ್ಕೆ ದಾರಿ.

ಗೊಂಬೆ ಕೊಳ್ಳುವುದಾದರೆ ಯಾವುದು?

ಹೆಚ್ಚಿನವರು ಬಳಸುವುದು 28 ಮಿ.ಮೀ. ಎತ್ತರದವು. ಪೆರ‍್ರಿ, ಫೈರ್‌ಫೋರ್ಜ್, ಗ್ರಿಪ್ಪಿಂಗ್ ಬೀಸ್ಟ್ ಕಂಪನಿಗಳ ಪ್ಲಾಸ್ಟಿಕ್ ಪೆಟ್ಟಿಗೆಗಳು ಚೆನ್ನಾಗಿವೆ. ನೀವೇ ಕೈಕಾಲು ಅಂಟಿಸಿ ಜೋಡಿಸಬೇಕು. ವಿದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಬೆಲೆ ಏರುತ್ತದೆ, ಅದನ್ನೂ ಲೆಕ್ಕ ಹಾಕಿಕೊಂಡೇ ಆರ್ಡರ್ ಮಾಡಿ. ಅಗ್ಗವಾಗಿ ಬೇಕೆಂದರೆ ಜ್ವೆಜ್ದಾ, ಇಟಲೇರಿಯವರ 1/72 ಅಳತೆಯ ಪುಟ್ಟ ಸೈನಿಕರು. ನೋಡಲು ಚಿಕ್ಕವು, ಆಟದಲ್ಲಿ ಏನೂ ವ್ಯತ್ಯಾಸ ಇಲ್ಲ. ತ್ರೀಡಿ ಪ್ರಿಂಟ್ ಮಾಡಿಕೊಡುವವರು ಊರಲ್ಲೇ ಇದ್ದರೆ ಅದೂ ಒಂದು ದಾರಿ.

ಎಲ್ಲವನ್ನೂ ಒಂದೇ ಸಲ ಕೊಳ್ಳಬೇಡಿ. ಒಂದು ಪೆಟ್ಟಿಗೆ ತನ್ನಿ, ಬಣ್ಣ ಹಚ್ಚಿ ಮುಗಿಸಿ, ಉಳಿದ ತುಕಡಿ ರಟ್ಟಿನವೇ ಇರಲಿ. ಬಣ್ಣ ಹಚ್ಚದ ಬೂದು ಪ್ಲಾಸ್ಟಿಕ್ ರಾಶಿ ಅಟ್ಟದ ಮೇಲೆ ಕೂರುವುದು ಈ ಹವ್ಯಾಸದ ಹಳೇ ರೋಗ.

ಬಣ್ಣ ಹಚ್ಚಲು ಬರುವುದಿಲ್ಲ.

ಬರಬೇಕಾಗಿಲ್ಲ. ಮೊದಲು ಪ್ರೈಮರ್, ಆಮೇಲೆ ಬಟ್ಟೆಗೆ, ಚರ್ಮಕ್ಕೆ, ಲೋಹಕ್ಕೆ ಒಂದೊಂದು ಅಕ್ರಿಲಿಕ್ ಬಣ್ಣ, ಕೊನೆಗೆ ಕಂದು ಬಣ್ಣವನ್ನು ನೀರಾಗಿ ಮಾಡಿ ಮೇಲಿಂದ ಬಳಿದರೆ ಸಂದುಗಳಲ್ಲಿ ನೆರಳು ತಾನೇ ಕೂರುತ್ತದೆ. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆಯಬೇಡಿ, ತೇವಕ್ಕೆ ಮೇಲ್ಮೈ ಬೆಳ್ಳಗೆ ಮಂಕಾಗುತ್ತದೆ. ಕುಂಚದಲ್ಲಿ ಹಚ್ಚುವ ಪ್ರೈಮರ್ ಆಗ ವಾಸಿ. ಮೊದಲು ಜೀತದವರ ತುಕಡಿಗೆ ಹಚ್ಚಿ ಕೈ ಪಳಗಿಸಿಕೊಳ್ಳಿ. ಅವರ ಬಟ್ಟೆ ಹೇಗಿದ್ದರೂ ಯಾರೂ ಕೇಳುವುದಿಲ್ಲ.

ಮಕ್ಕಳು ಆಡಬಹುದಾ? ಒಬ್ಬರೇ ಆಡಬಹುದಾ?

ಕೂಡಿಸಲು, ಭಾಗಿಸಲು ಬರುವ ಮಕ್ಕಳು ಆರಾಮಾಗಿ ಆಡುತ್ತಾರೆ. ಒಬ್ಬರೇ ಆಡುವುದೂ ಸಾಧ್ಯ. ಅಪ್ಪಣೆ ಕೈಕೊಟ್ಟ ಕೂಡಲೇ ಇನ್ನೊಂದು ಪಕ್ಕಕ್ಕೆ ಹೋಗಿ ಕುಳಿತರೆ ಆಯಿತು. ದಾಳವೇ ಅರ್ಧ ನಿರ್ಧಾರ ಮಾಡುವುದರಿಂದ ಚದುರಂಗವನ್ನು ಒಬ್ಬರೇ ಆಡಿದಷ್ಟು ಬೇಜಾರಾಗುವುದಿಲ್ಲ.

ಇದು ಸಾಲದು ಅನಿಸಿದರೆ ಮುಂದೆ ಯಾವ ಆಟ?

ಸಾಗಾ ನೋಡಿ. ಸ್ಟುಡಿಯೋ ಟೊಮಾಹಾಕ್‌ನವರು 2011ರಲ್ಲಿ ತಂದದ್ದು, ವೈಕಿಂಗರಿಂದ ಶುರು. ಪ್ರತಿ ಜನಾಂಗಕ್ಕೂ ಒಂದು ಹಲಗೆ, ವಿಶೇಷ ದಾಳ. ಯೋಚನೆ ಜಾಸ್ತಿ ಬೇಡುತ್ತದೆ. ಇದಕ್ಕೆ ಕೊಂಡ ಗೊಂಬೆಗಳು ಅಲ್ಲೂ ನಡೆಯುತ್ತವೆ. ದೊಡ್ಡ ಯುದ್ಧವನ್ನು ಚಿಕ್ಕ ಜಾಗದಲ್ಲಿ ಆಡಬೇಕೆಂದರೆ ಫಿಲ್ ಬಾರ್ಕರ್ ಅವರ 1990ರ ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಇದೆ. ಒಂದು ಕಡೆಗೆ ಹನ್ನೆರಡೇ ತುಂಡುಗಳು. ಆಟ ಒಳ್ಳೆಯದು, ಆದರೆ ಅದರ ನಿಯಮದ ಇಂಗ್ಲಿಷ್ ಓದುವುದು ಶಾಸನ ಓದಿದ ಹಾಗೆ.

ಗೊಂಬೆಗಳನ್ನು ಎಲ್ಲಿ ಇಡುವುದು? ಈಟಿಗಳೆಲ್ಲ ಮುರಿಯುತ್ತವೆ.

ಗೊಂಬೆಯ ಕಾಲಡಿಗೆ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ವಾಷರ್ ಅಂಟಿಸಿ, 25 ಮಿ.ಮೀ. ಅಗಲದ್ದು ಸರಿಹೋಗುತ್ತದೆ. ಸ್ಟೀಲ್ ವಾಷರ್ ಆದರೆ ಅಯಸ್ಕಾಂತಕ್ಕೆ ಅಂಟುತ್ತದೋ ಇಲ್ಲವೋ ಅಂಗಡಿಯಲ್ಲೇ ನೋಡಿಕೊಳ್ಳಿ. ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಅಯಸ್ಕಾಂತದ ಹಾಳೆ ಹಾಕಿದರೆ ಡಬ್ಬಿ ಅಡ್ಡ ಹಿಡಿದರೂ ಸೈನಿಕರು ಕದಲುವುದಿಲ್ಲ. ಈಟಿ ಉದ್ದವಾದವರಿಗೆ ಎತ್ತರದ ಡಬ್ಬಿ ಬೇಕು, ಮುಚ್ಚಳ ಹಾಕುವ ಮೊದಲು ಅಳೆದು ನೋಡಿ.